ಮನೆ ಮುಂದೆ ನಿಲ್ಲುವ ಬಸ್ಸು

ಬಾಡಿಗೆ ಮನೆ ಹುಡುಕುವುದರಲ್ಲಿ ನನ್ನಷ್ಟು ಬುದ್ಧಿವಂತ ಇಡೀ ತುಮಕೂರು ಜಿಲ್ಲೆಯಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಮೊಬೈಲ್ ಫೋನು ಇನ್ನೂ ಎಲ್ಲರ ಜೇಬಿಗೆ ಬಂದಿರಲಿಲ್ಲ. ನಾವು ಗುಬ್ಬಿಯಲ್ಲಿದ್ದೆವು. ನಾನು ತುಮಕೂರಿನ ಅಂಚಿನ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಗುಮಾಸ್ತ. ನನ್ನ ಹೆಂಡತಿ ಗಿರಿಜ ಸರ್ಕಾರಿ ಶಾಲೆಯ ಟೀಚರ್. ಅವಳಿಗೆ ಹೆಬ್ಬೂರಿಗೆ ವರ್ಗವಾಯಿತು ನೋಡಿ, ನನ್ನ ಬುದ್ಧಿವಂತಿಕೆಗೆ ಕೆಲಸ ಬಂತು.

ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಹೆಬ್ಬೂರಿಗೆ ಇನ್ನೊಂದು. ಮೊದಲನೆಯದು ಬಂದು ಸೇರುವಷ್ಟರಲ್ಲಿ ಎರಡನೆಯದು ಹೊರಟುಹೋಗಿರುತ್ತಿತ್ತು. ಗಿರಿಜ ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಹಾಜರಿ ಮುಗಿದು, ಹೆಡ್‌ಮಾಸ್ಟರ ತಾಳ್ಮೆಯೂ ಮುಗಿದಿರುತ್ತಿತ್ತು. ಲೇಟಾದಾಗಲೆಲ್ಲ ರಜೆಗೆ ಕತ್ತರಿ. ಇನ್ನು ಕತ್ತರಿಸಲು ರಜೆಯೇ ಇಲ್ಲವೆಂದಾದಾಗ ಅವಳು ತೀರ್ಪು ಕೊಟ್ಟಳು.

“ಹೆಬ್ಬೂರಲ್ಲಿ ನಮ್ಮಕ್ಕನ ಮನೆ ಇದೆ. ಸೋಮವಾರ ಹೋಗಿ ಶನಿವಾರ ಬರ್ತೀನಿ. ನೀವು ಇಲ್ಲೇ ಬೇಯಿಸ್ಕೊಂಡು ತಿನ್ಕೊಂಡಿರಿ.”

ಬೇಯಿಸಿಕೊಳ್ಳುವ ಮಾತು ಹಾಗಿರಲಿ, ಸಂಜೆ ಮನೆಗೆ ಬಂದರೆ ಜಗಳವಾಡುವುದಕ್ಕಾದರೂ ನನಗೆ ಗಿರಿಜ ಬೇಕು. ಅವಳಿಲ್ಲದ ಮನೆಯಲ್ಲಿ ಐದು ದಿನ ಗೋಡೆ ನೋಡಿಕೊಂಡು ಕೂರುವುದು ನನ್ನಿಂದಾಗದು. ಅದರ ಮೇಲೆ ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, “ನಮ್ ಷಡ್ಡಕನಿಗೆ ಒಂದು ಮನೆ ಮಾಡೋ ಯೋಗ್ಯತೆ ಇಲ್ಲ” ಎಂದು ಹೆಬ್ಬೂರಿಗೆಲ್ಲ ಡಂಗುರ ಹೊಡೆಯುವ ಆಸಾಮಿ.

“ಒಂದು ತಿಂಗಳು ಟೈಮ್ ಕೊಡು” ಎಂದೆ. “ಬಾಡಿಗೆ ನಮ್ ಕೈಗೆ ಎಟುಕಬೇಕು, ನೀನು ಗೇಟ್ ದಾಟಿದ್ರೆ ಬಸ್ಸಿನ ಮೆಟ್ಲು ಸಿಗಬೇಕು. ಅಂಥಾ ಮನೆ ಹುಡುಕ್ಲಿಲ್ಲ ಅಂದ್ರೆ ಮೀಸೆ ಬೋಳಿಸ್ತೀನಿ!”

“ಮೀಸೆ ಎಲ್ಲಿದೆ?” ಎಂದಳು ಗಿರಿಜ.

ಮೀಸೆ ಇಲ್ಲದಿದ್ದರೇನು, ಛಲ ಇತ್ತು. ಫ್ಯಾಕ್ಟರಿ ಬಿಟ್ಟ ಮೇಲೆ ದಿನವೂ ತುಮಕೂರು ಸುತ್ತಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮನೆಗಳ ಬಾಡಿಗೆ ಕೇಳಿ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದೆ. ಬಾಡಿಗೆ ಕಡಿಮೆ ಇದ್ದ ಕಡೆ ಓನರೊಬ್ಬರು “ಸ್ಟಾಪಾ? ಇಲ್ಲೇ ಸಾ, ಕೂಗಳತೆ” ಎಂದರು. ತೋರಿಸಿ ಎಂದು ಅವರ ಹಿಂದೆ ನಡೆದೆ. ನಡುದಾರಿಯಲ್ಲಿ ಇಬ್ಬರೂ ಎಳನೀರು ಕುಡಿದು ಸುಧಾರಿಸಿಕೊಳ್ಳಬೇಕಾಯಿತು. ಅವರ ಗಂಟಲು ಎಂಥದ್ದಿರಬೇಕು!

ಕೊನೆಗೊಂದು ಬೆಳಿಗ್ಗೆ ಹೆಬ್ಬೂರಿನ ದಾರಿಯ ಮರಳೂರಿನಲ್ಲಿ ರಸ್ತೆಗೇ ಮುಖಮಾಡಿದ ಪುಟ್ಟ ಹೆಂಚಿನ ಮನೆಯೊಂದು ಕಂಡಿತು. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟು. ನಾನು ಅದನ್ನು ಓದುತ್ತಿರುವಾಗಲೇ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ಪ್ರೈವೇಟ್ ಬಸ್ಸು ಬಂದು ಸರಿಯಾಗಿ ಆ ಗೇಟಿನ ಮುಂದೆ ನಿಂತಿತು! ಒಳಗಿನಿಂದ ಒಬ್ಬಾಕೆ ಬಂದು ಊಟದ ಕ್ಯಾರಿಯರನ್ನು ಡ್ರೈವರ್ ಕೈಗೆ ಕೊಟ್ಟರು. ಆಹಾ, ಪಾರ್ಸಲ್ ಕೂಡ ತೆಗೆದುಕೊಳ್ಳುತ್ತಾರೆ! ಎಂಥ ಸರ್ವೀಸು!

ಒಂದು ದಿನ ಕಂಡಿದ್ದನ್ನೇ ನಂಬುವ ದಡ್ಡ ನಾನಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತು ವಾರವಿಡೀ ನೋಡಿದೆ. ಬಸ್ಸು ದಿನವೂ ನಿಂತಿತು. ಕ್ಯಾರಿಯರ್ ದಿನವೂ ಹೋಯಿತು, ಡ್ರೈವರಿಗೆ ಒಂದು ಲೋಟ ಕಾಫಿಯೂ ಸಂದಿತು. ಓನರ್ ಸಿದ್ದಲಿಂಗಪ್ಪನವರನ್ನು ಹುಡುಕಿಕೊಂಡು ಹೋದೆ. ಬಾಡಿಗೆ ಕೇಳಿದರೆ ನಮ್ಮ ಕೈಗೆಟುಕುವಂಥದ್ದೇ.

“ಬಸ್ಸು ಇಲ್ಲೇ ನಿಲ್ಲುತ್ತಲ್ವಾ ಸ್ವಾಮಿ?”

“ನೀವೇ ವಾರದಿಂದ ನೋಡ್ತಾ ಕೂತಿದೀರಲ್ಲಾ” ಎಂದರು ಅವರು.

ಅಡ್ವಾನ್ಸ್ ಕೊಟ್ಟುಬಿಟ್ಟೆ. ಮನೆ ನೋಡಲು ಹೋದ ಮನುಷ್ಯರು ನೀರು ಬರುತ್ತಾ ಎನ್ನುತ್ತಾರೆ, ಈಗಿರುವವರು ಯಾಕೆ ಖಾಲಿ ಮಾಡುತ್ತಿದ್ದಾರೆ ಎನ್ನುತ್ತಾರೆ. ನಾನು ಬಸ್ಸೊಂದನ್ನು ಬಿಟ್ಟು ಏನನ್ನೂ ಕೇಳಲಿಲ್ಲ.

ಭಾನುವಾರ ಹಾಲುಕ್ಕಿಸಿದೆವು. ಸೋಮವಾರ ಗಿರಿಜ ಸೀರೆ ಉಟ್ಟು, ಬ್ಯಾಗು ಹಿಡಿದು ಗೇಟಿಗೆ ಬಂದಳು. ನಾನು ಪಕ್ಕದಲ್ಲಿ ಮದುವೆ ಮನೆಯ ಯಜಮಾನನಂತೆ ನಿಂತಿದ್ದೆ. ದೂರದಲ್ಲಿ ಬಸ್ಸು ಕಂಡಿತು. “ಬಂತು ನೋಡು ನಿನ್ ರಥ!” ಎಂದೆ.

ಬಸ್ಸು ಬಂತು. ಹೋಯಿತು!

ಅದರ ಹಿಂದೆ ಬಂದ ಬಸ್ಸೂ ಹಾಗೇ ಹೋಯಿತು. ಆಗ ತಿಳಿಯಿತು, ನಮ್ಮ ಮನೆ ಎರಡು ಸ್ಟಾಪುಗಳಿಗೂ ಸರಿಯಾಗಿ ನಡುಮಧ್ಯದಲ್ಲಿದೆ. ಯಾವ ಕಡೆ ಓಡಿದರೂ ಅಷ್ಟೇ ದೂರ. ಗಿರಿಜ ಧೂಳು ಒರೆಸಿಕೊಂಡು ನನ್ನನ್ನೊಮ್ಮೆ ನೋಡಿದಳು. ಆ ನೋಟದ ವಿವರಕ್ಕೆ ನಾನು ಹೋಗುವುದಿಲ್ಲ.

ಪಕ್ಕದ ಮನೆಯ ಗೌರಮ್ಮನವರು ರಂಗೋಲಿ ಬಿಡುತ್ತಾ ಎಲ್ಲವನ್ನೂ ನೋಡುತ್ತಿದ್ದರು. “ಇಲ್ಲಿ ಯಾಕ್ ನಿಲ್ತದೆ ಸ್ವಾಮಿ?” ಎಂದರು. “ಈ ಮನೇಲಿದ್ದಿದ್ದು ಡ್ರೈವರ್ ರಂಗಣ್ಣ ಕಣ್ರೀ. ಹೆಂಡ್ತಿ ಕೈಲಿ ಬುತ್ತಿ ಇಸ್ಕಳಾಕೆ ನಿಲ್ಲಿಸ್ತಿದ್ದ. ಈಗ ಗೂಳೂರಲ್ಲಿ ಸ್ವಂತ ಮನೆ ಕಟ್ಕಂಡು ಹೋದ. ಬಸ್ಸು ಅಲ್ಲಿ ನಿಲ್ತದೆ ಬುಡಿ!”

ಅಂದರೆ, ಬಸ್ಸು ನಿಲ್ಲಲು ಕಾರಣನಾದವನು ಖಾಲಿ ಮಾಡಿದ್ದರಿಂದಲೇ ಆ ಮನೆ ನನಗೆ ಸಿಕ್ಕಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ನನ್ನಂಥವರಿಗಾಗಿಯೇ ಇರಬೇಕು.

“ಶನಿವಾರದವರೆಗೆ ನೋಡ್ತೀನಿ” ಎಂದಳು ಗಿರಿಜ ಆ ಸಂಜೆ. “ಆಮೇಲೆ ಅಕ್ಕನ ಮನೆ.”

ಮಂಗಳವಾರ ನಾನು ಬಸ್ಸು ನಿಲ್ಲಿಸಿಯೇ ತೀರುವೆನೆಂದು ಪಂಚೆ ಎತ್ತಿಕಟ್ಟಿ ನಡುರಸ್ತೆಯಲ್ಲಿ ನಿಂತು ಎರಡೂ ಕೈ ಚಾಚಿದೆ. ಬಸ್ಸು ಕಿರ್ರೆಂದು ಬ್ರೇಕ್ ಹಾಕಿ ನನ್ನ ಮೂಗಿನ ಹತ್ತಿರ ನಿಂತಿತು. ರಂಗಣ್ಣ ಕಿಟಕಿಯಿಂದ ತಲೆ ಹೊರಹಾಕಿದ.

“ಏಯ್, ಸಾಯಾಕೆ ನನ್ ಬಸ್ಸೇ ಬೇಕಾಗಿತ್ತಾ ನಿಂಗೆ?”

ಇದೇ ಸಮಯವೆಂದು ಗಿರಿಜ ಬಸ್ಸು ಹತ್ತಿದಳು. ಕಂಡಕ್ಟರ್ ನನ್ನತ್ತ ಕೈ ತೋರಿಸಿ “ಯಾರಮ್ಮಾ ಈ ವಯ್ಯ?” ಎಂದ.

“ಗೊತ್ತಿಲ್ಲ” ಎಂದಳು ನನ್ನ ಧರ್ಮಪತ್ನಿ. “ಒಂದು ಹೆಬ್ಬೂರು.”

ದಿನವೂ ಹೀಗೆ ಪ್ರಾಣ ಒತ್ತೆಯಿಟ್ಟು ಹೆಂಡತಿಯನ್ನು ಶಾಲೆಗೆ ಕಳಿಸಲಾಗದು. ಸಂಜೆ ಗೂಳೂರಿಗೆ ಹೋಗಿ ರಂಗಣ್ಣನ ಹೊಸ ಮನೆಯ ಜಗಲಿಯಲ್ಲಿ ಕೂತು ಕಷ್ಟ ತೋಡಿಕೊಂಡೆ. ಅವನು ತಲೆ ಕೆರೆದುಕೊಂಡ.

“ಸುಮ್ ಸುಮ್ನೆ ನಿಲ್ಸುದ್ರೆ ಪ್ಯಾಸೆಂಜರ್ ಬೈತಾರೆ ಸಾ. ನಾನು ಅಲ್ಲಿ ಬುತ್ತಿ ಇಸ್ಕಂಡು ಒಂದ್ ಲೋಟ ಕಾಫಿ ಕುಡೀತಿದ್ದೆ. ಡ್ರೈವರ್ ಕಾಫಿ ಕುಡುದ್ರೆ ಯಾರೂ ಏನೂ ಅನ್ನಲ್ಲ.”

“ಕಾಫಿ ನಾನ್ ಕೊಡ್ತೀನಿ!” ಎಂದೆ. ಅಲ್ಲಿಯವರೆಗೆ ಒಲೆ ಹಚ್ಚಿದವನಲ್ಲ ನಾನು.

ಬುಧವಾರ ಹಾಲು ಒಡೆಯಿತು. ಗುರುವಾರ ಕಾಫಿ ಎಷ್ಟು ಸುಡುತ್ತಿತ್ತೆಂದರೆ, ರಂಗಣ್ಣ ಊದುತ್ತಾ ಕೂತ, ಹಿಂದೆ ನಿಂತ ಲಾರಿಗಳು ಹಾರ್ನ್ ಊದುತ್ತಾ ನಿಂತವು. ಗಾಬರಿಯಲ್ಲಿ ಅವನು ಲೋಟ ಹಿಡಿದೇ ಹೊರಟ. ನಾನು ಹುಟ್ಟಿದಾಗಿನಿಂದ ಕುಣಿಗಲ್ ನೋಡಿರಲಿಲ್ಲ, ನಮ್ಮ ಮನೆಯ ಸ್ಟೀಲ್ ಲೋಟ ನೋಡಿಕೊಂಡು ಬಂತು. ಶುಕ್ರವಾರ ಕಂಡಕ್ಟರ್ “ನಮ್ಗಿಲ್ವಾ ಸಾ?” ಎಂದ. ಶನಿವಾರ ಎರಡು ಲೋಟ ಹಿಡಿದು ನಿಂತೆ. ಬಸ್ಸು ತಾನಾಗಿ ಬಂದು ನಿಂತಿತು. ಗಿರಿಜ ರಾಣಿಯಂತೆ ಹತ್ತಿ, ಕಿಟಕಿಯಿಂದ ನನ್ನತ್ತ ನೋಡಿ ನಕ್ಕಳು. ನನಗೆ ಕಣ್ಣು ತುಂಬಿ ಬಂತು. ಅಕ್ಕನ ಮನೆಯ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ.

ಗೆದ್ದೆ ಎಂದುಕೊಂಡೆ. ಮುಂದಿನ ಬೀದಿಯವರಿಗೂ ಸುದ್ದಿ ಹಬ್ಬಿತು. ಬೆಳಗಾದರೆ ನಮ್ಮ ಗೇಟಿನ ಮುಂದೆ ಜನ. ಹಾಲಿನ ಕ್ಯಾನಿನವರು, ಸಂತೆಗೆ ಹೋಗುವವರು, ನಮ್ಮ ಜಗಲಿಯ ಮೇಲೆ ಕೂತು ಬೀಡಿ ಸೇದುವವರು. ಕಂಡಕ್ಟರ್ “ಯಾರ್ರೀ ಕಾಫಿ ಮನೆ ಇಳಿಯೋರು?” ಎಂದು ಕೂಗತೊಡಗಿದ. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ. ನನ್ನ ಬಸ್ಸಿನ ಪಾಡು ಕೇಳಬೇಡಿ. ಮರಳೂರಿನಿಂದ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಎರಡು ಬಸ್ಸು ಬದಲಾಯಿಸಬೇಕು ಎಂಬುದನ್ನು ಮನೆ ಹುಡುಕುವ ಭರದಲ್ಲಿ ನಾನು ಯೋಚಿಸಿಯೇ ಇರಲಿಲ್ಲ.

ಹೀಗಿರಲು ಒಂದು ಸಂಜೆ ಸಿದ್ದಲಿಂಗಪ್ಪನವರು ಬಂದು ಜಗಲಿಯಲ್ಲಿ ಕೂತು ರಸ್ತೆಯನ್ನು ಪ್ರೀತಿಯಿಂದ ನೋಡಿದರು.

“ಮುಂದಿನ ತಿಂಗಳಿಂದ ಬಾಡಿಗೆ ಸ್ವಲ್ಪ ಜಾಸ್ತಿ ಮಾಡ್ಬೇಕು. ಮನೆ ಮುಂದೇನೇ ಸ್ಟಾಪ್ ಆಗೈತೆ. ಇಂಥಾ ಮನೆಗೆ ಈಗ ಏನ್ ಡಿಮ್ಯಾಂಡು ಗೊತ್ತಾ?”

“ಸ್ಟಾಪ್ ಮಾಡ್ಸಿದ್ದು ನಾನು ಸ್ವಾಮಿ!” ಎಂದು ಕಿರುಚಿದೆ.

“ಹೌದಂತೆ. ಎಲ್ರೂ ನಿಮ್ಮನ್ನ ಹೊಗಳ್ತಾವ್ರೆ” ಎಂದು ಬೆನ್ನು ತಟ್ಟಿ ಹೋದರು.

ತನ್ನ ಬಾಡಿಗೆ ತಾನೇ ಏರಿಸಿಕೊಳ್ಳಲು ಬೆಳಿಗ್ಗೆ ಎದ್ದು ಕಾಫಿ ಕಾಯಿಸಿದ ಬಾಡಿಗೆದಾರ ಭೂಮಂಡಲದಲ್ಲಿ ನಾನೊಬ್ಬನೇ! ಗಿರಿಜ ಶಾಲೆಯಿಂದ ಬಂದ ಕೂಡಲೇ ಗುಡುಗಿದೆ: “ನಾಳೆಯಿಂದ ಕಾಫಿ ಬಂದ್! ಬಸ್ ನಿಲ್ದೆ ಇದ್ರೆ ಬಾಡಿಗೆ ತಾನಾಗಿ ಇಳಿಯುತ್ತೆ!”

“ಬಸ್ ನಿಲ್ದೆ ಇದ್ರೆ ನಾನೆಲ್ಲಿರ್ತೀನಿ?” ಎಂದಳು ಅವಳು, ಚಪ್ಪಲಿ ಬಿಡುತ್ತಾ.

ಅವಳು ಒಳಗೆ ಹೋಗಿ ನೀರು ಕುಡಿದು ಬಂದಳು.

“ಬಾಡಿಗೆ ಕೊಟ್ಬಿಡಿ, ಹೋಗ್ಲಿ. ಆಮೇಲೆ ಇನ್ನೊಂದ್ ವಿಷ್ಯ. ನಾಳೆಯಿಂದ ರಂಗಣ್ಣನ ಲೋಟಕ್ಕೆ ಸಕ್ಕರೆ ಹಾಕ್ಬೇಡಿ. ಡಾಕ್ಟ್ರು ಶುಗರ್ ಅಂದವ್ರಂತೆ.”

ಮರುದಿನ ಸಕ್ಕರೆ ಹಾಕಿದ್ದೊಂದು, ಹಾಕದ್ದೊಂದು ಲೋಟ ಹಿಡಿದು ಗೇಟಿನಲ್ಲಿ ನಿಂತೆ. ಯಾವುದು ಯಾವ ಕೈಯಲ್ಲಿದೆ ಎಂದು ಮರೆತುಹೋಗಿ, ಎರಡನ್ನೂ ರುಚಿ ನೋಡಿ, ಒಳಗೆ ಓಡಿ ಮತ್ತೆ ಕಾಯಿಸಿ ತಂದೆ. ರಂಗಣ್ಣ ಪಾಪ, ಕಾದ. ಗಿರಿಜಳ ಬಸ್ಸು ಸಿಕ್ಕಿತು. ನನ್ನದು ತಪ್ಪಿತು.