ಟಪ್ ಎನ್ನುವ ಉದ್ಯೋಗ

ನಮ್ಮ ಅತ್ತೆಯವರು ಕಂಪ್ಯೂಟರಿಗೆ ಬೆನ್ನು ಹಾಕಿ ಕೂರುವುದನ್ನು ನಾನು ಬಹಳ ಕಾಲ ವೈರಾಗ್ಯವೆಂದೇ ತಿಳಿದಿದ್ದೆ. ಮನೆಮಂದಿಯೆಲ್ಲ ಪರದೆಗೆ ಕಣ್ಣು ಅಂಟಿಸಿಕೊಂಡಿರುವಾಗ ಇವರೊಬ್ಬರು ಕಿಟಕಿಯ ಕಡೆ ಮುಖ ಮಾಡಿ, ಮಡಿಲಲ್ಲಿ ಅಂಗಿ ಹರವಿಕೊಂಡು ಕಾಜಾ ಹೊಲಿಯುತ್ತಾರಲ್ಲ, ಎಂಥ ನಿರ್ಲಿಪ್ತತೆ ಎಂದು ಆಫೀಸಿನ ಕಿರಿಯರಿಗೆ ಉಪದೇಶವನ್ನೂ ಮಾಡಿದ್ದೆ. (ಕಿರಿಯರು ಮೊಬೈಲ್ ನೋಡುತ್ತಲೇ ತಲೆದೂಗಿದ್ದರು.) ಆಮೇಲೆ ತಿಳಿಯಿತು, ಬೆನ್ನ ಹಿಂದಿನ ಆ ಪರದೆಯಲ್ಲಿ ಅತ್ತೆ ಮೀನು ಹಿಡಿಯುತ್ತಿದ್ದರು.

ಅದೊಂದು ಆನ್‌ಲೈನ್ ಆಟ. ಕೆರೆಗೆ ಗಾಳ ಹಾಕಿ ಕಾಯಬೇಕು. ಮೀನು ಕಚ್ಚಿದರೆ ಗಾಳದ ಬೆಂಡು ‘ಟಪ್’ ಎಂದು ಮುಳುಗುತ್ತದೆ. ತಕ್ಷಣ ಕೀಲಿ ಒತ್ತಿದರೆ ಮೀನು ನಮ್ಮದು. ದರ್ಜಿ ಕೆಲಸದಲ್ಲೇ ಕೂದಲು ನರೆಸಿಕೊಂಡ ಅತ್ತೆ ಕಣ್ಣನ್ನು ಹೊಲಿಗೆಗೂ ಕಿವಿಯನ್ನು ಮೀನಿಗೂ, ಒಂದು ಬೆರಳನ್ನು ಪಕ್ಕದ ಅಂಗಿರಾಶಿಯಡಿ ಇಟ್ಟ ಕೀಲಿಮಣೆಗೂ ಹಂಚಿಕೊಟ್ಟಿದ್ದರು.

ಒಂದು ಭಾನುವಾರ ಆ ಟಪ್ ನಿಂತುಹೋಯಿತು. ಆಟದ ಸಂಗೀತ ಬರುತ್ತಿತ್ತು, ಯಾವುದೋ ಊರಿನಲ್ಲಿ ಕೂತಿದ್ದ ತಂಡದ ನಾಯಕಿಯ ಗದರಿಕೆಯೂ ಸ್ಪಷ್ಟವಾಗಿತ್ತು. ಬೆಂಡು ಮಾತ್ರ ಮೌನವ್ರತ ಹಿಡಿದಿತ್ತು. ಬೆಳಗಿನ ಅಭ್ಯಾಸದಲ್ಲಿ ಅತ್ತೆಯ ಮೀನುಗಳೆಲ್ಲ ತಪ್ಪಿಸಿಕೊಂಡವು. ಮಧ್ಯಾಹ್ನದ ಪಂದ್ಯದಲ್ಲೂ ಹೀಗೇ ಆದರೆ ತಂಡದಿಂದ ಕೈಬಿಡುವುದಾಗಿ ನಾಯಕಿ ಹೇಳಿಬಿಟ್ಟಳು. ಪರದೆಯನ್ನೇ ನೋಡುತ್ತ ಕೂರೋಣವೆಂದರೆ ಸಂಜೆಗೆ ಕೊಡಬೇಕಾದ ಅಂಗಿಗಳು ರಾಶಿ ಬಿದ್ದಿದ್ದವು.

ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದ ದಿನದಿಂದ ತಾಂತ್ರಿಕ ವಲಯದಲ್ಲಿ ನನಗೊಂದು ಸ್ಥಾನವಿದೆ. ಅಂಗಿಯ ತೋಳು ಮಡಿಸಿ, ಸ್ಕ್ರೂಡ್ರೈವರ್ ಹಿಡಿದು ಕಾರ್ಯಕ್ಷೇತ್ರಕ್ಕೆ ಇಳಿದೆ.

“ಸಂಗೀತ ಬರ್ತಿದೆ ಅಂದ್ಮೇಲೆ ಸ್ಪೀಕರ್ ಸರಿಯಿದೆ ತಾನೇ? ಅದನ್ಯಾಕ್ರೀ ಬಿಚ್ತೀರಿ?” ಎಂದಳು ಹೆಂಡತಿ.

“ಸಂಗೀತ ದಪ್ಪ ಸದ್ದು, ಹೇಗೋ ನುಗ್ಗಿ ಬರುತ್ತೆ. ಟಪ್ ಪಾಪ ಸಣ್ಣದು. ಧೂಳಲ್ಲಿ ಸಿಕ್ಕಿಕೊಂಡಿರುತ್ತೆ.”

“ಮಿಕ್ಸಿಗೂ ಇದೇ ಧೂಳು ಅಂದ್ರಿ. ಅದಿನ್ನೂ ಅಟ್ಟದ ಮೇಲೆ ಚೀಲದಲ್ಲಿ ಕೂತಿದೆ.”

ಮಹತ್ಕಾರ್ಯ ಮಾಡುವವರು ಇಂಥ ಮಾತಿಗೆ ಕಿವಿಗೊಡಬಾರದು. ಧೂಳು ನಿಜಕ್ಕೂ ಇತ್ತು. ಅದನ್ನು ಒರೆಸಿದ ಮೇಲೆ ಸ್ಪೀಕರಿನಿಂದ ಸಂಗೀತವೂ ಹೋಯಿತು, ನಾಯಕಿಯೂ ಹೋದಳು. ಒಂದು ಸ್ಕ್ರೂ ಮಂಚದ ಕೆಳಗೆ ಉರುಳಿ ಅಜ್ಞಾತವಾಸಕ್ಕೆ ಸೇರಿತು.

ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರು. ಸ್ಪೀಕರ್ ಹೋಳು ಹೋಳಾಗಿ ತಟ್ಟೆಯಲ್ಲಿರುವಾಗ ನಾಯಕಿಯ ಬೈಗುಳ ಕೇಳಿಸಿಕೊಳ್ಳಲು ಬೇರೆ ದಾರಿಯೇನು ಎಂದುಕೊಂಡು, ನಾನು ಕಂಪ್ಯೂಟರಿನ ಡಬ್ಬವನ್ನೇ ನನ್ನ ಕಡೆ ತಿರುಗಿಸಿದೆ.

“ಅಳಿಯಂದ್ರೇ, ಸ್ಕ್ರೂಡ್ರೈವರ್ ಕೆಳಗಿಡಿ,” ಎಂದರು ಅತ್ತೆ. “ಈ ಸ್ಟೂಲ್ ಮೇಲೆ ಕೂತು ಬೆಂಡನ್ನೇ ನೋಡ್ತಿರಿ. ಮುಳುಗಿದ ಕೂಡ್ಲೇ ಟಪ್ ಅನ್ನಿ. ಕಣ್ಣು ಬೇರೆ ಕಡೆ ಹೋಗಬಾರ್ದು, ಕೈಯೂ ಹೋಗಬಾರ್ದು.”

ಪಂದ್ಯ ಮುಗಿಯುವವರೆಗೂ ನಾನು ಅಲುಗಾಡದೆ ಟಪ್ ಎಂದೆ. ಸಣ್ಣ ಮೀನಿಗೆ ಮೆಲುದನಿ, ದೊಡ್ಡದಕ್ಕೆ ಗಂಭೀರ ಸ್ವರ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅತ್ತೆಯೊಂದಿಗೆ ನನ್ನ ಹೊಂದಾಣಿಕೆಯಂತೂ ಅದ್ಭುತವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರ ಬೆರಳು ಕೀಲಿಯ ಮೇಲಿರುತ್ತಿತ್ತು. ಒಂದು ಮೀನೂ ತಪ್ಪಲಿಲ್ಲ. ತಂಡ ಗೆದ್ದಿತು. ಅತ್ತೆಯ ಸ್ಥಾನ ಉಳಿಯಿತು.

ಅತ್ತೆ ಇಯರ್‌ಫೋನ್ ತೆಗೆದಿಟ್ಟು ಅಂಗಿಗಳನ್ನು ಮಡಿಸತೊಡಗಿದರು. ನಾಯಕಿ ಅಳಿಯನ ಬಗ್ಗೆ ಎರಡು ಒಳ್ಳೆಯ ಮಾತು ಹೇಳುತ್ತಿರಬಹುದೆಂದು ನಾನು ಅದನ್ನು ಕಿವಿಗಿಟ್ಟೆ. ನಾಯಕಿ ಹೊರಟುಹೋಗಿದ್ದಳು. ಪರದೆಯ ಮೇಲೆ ಬೆಂಡು ಮುಳುಗಿತು. ಕಿವಿಯೊಳಗೆ ‘ಟಪ್’ ಎಂದಿತು, ನನ್ನದಕ್ಕಿಂತ ಚೆನ್ನಾಗಿ.

ಬೆಳಿಗ್ಗೆ ಆಟ ಅಪ್‌ಡೇಟ್ ಆದಾಗ ಆ ಸದ್ದೊಂದು ಸೆಟ್ಟಿಂಗ್ಸ್‌ನಲ್ಲಿ ಸೊನ್ನೆಗೆ ಇಳಿದಿತ್ತಂತೆ. ನಾನು ಕೈ ತೊಳೆಯಲು ಹೋದಾಗಲೇ ಅತ್ತೆ ಅದನ್ನು ಮೇಲೇರಿಸಿದ್ದರಂತೆ.

“ಹಾಗಾದ್ರೆ ಅತ್ತೆ, ಇಷ್ಟು ಹೊತ್ತು ನಾನು ಟಪ್ ಅಂದಿದ್ದು ಯಾತಕ್ಕೆ?”

ಅತ್ತೆ ಕೊನೆಯ ಕಾಜಾದ ದಾರವನ್ನು ಹಲ್ಲಿನಿಂದ ಕಡಿದರು.

“ಕಂಪ್ಯೂಟರನ್ನೂ ಬಿಚ್ಚದೆ ಇರ್ಲಿ ಅಂತ.”