ಅಕ್ಕನ ಆಟ, ಅಜ್ಜಿಯ ಸೂರ್ಯ

ನಮ್ಮ ಅಕ್ಕ ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುವವಳು. ದೇಶದ ಮೂಲೆಮೂಲೆಯ ತಂಡಗಳ ಎದುರು ಆಡಿದ್ದಾಳೆ. ಆದರೆ ಇಷ್ಟು ವರ್ಷಗಳಲ್ಲಿ ಅವಳ ಬೆವರಿಳಿಸಿದ ಎದುರಾಳಿ ಒಬ್ಬನೇ, ಅವನು ಸೂರ್ಯ. ಯಾಕೆ ನಗುತ್ತೀರಿ? ನಾನು ಅವಳ ಒಡಹುಟ್ಟಿದ ತಂಗಿ. ಹಳೇಬೀಡಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಸುಳ್ಳು ಹೇಳಿ ಸೋಮವಾರ ಮಕ್ಕಳ ಎದುರು ನಿಲ್ಲುವುದು ಹೇಗೆ?

ನಮ್ಮದು ಬಸದಿಗೆ ಹತ್ತಿರದ ಜೈನರ ಮನೆ. ಅಪ್ಪನದು ಕೊಬ್ಬರಿ ವ್ಯಾಪಾರ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಬೇರೆ ಮನೆಗಳಲ್ಲಿ ಹೊತ್ತು ಮುಳುಗಿದ್ದನ್ನು ಪಂಚಾಂಗ ಹೇಳುತ್ತದೆ, ಈಗೀಗ ಮೊಬೈಲೂ ಹೇಳುತ್ತದೆ. ನಮ್ಮ ಮನೆಯಲ್ಲಿ ಹೇಳುವುದು ಅಜ್ಜಿ. ಸಂಜೆ ಜಗಲಿಯಲ್ಲಿ ಕುಳಿತು ಪಡುವಣಕ್ಕೆ ಕಣ್ಣು ನೆಟ್ಟಿರುತ್ತಾಳೆ. ಸೂರ್ಯನ ಕೊನೆಯ ಅಂಚು ಇಳಿದಾಗ "ಮುಳುಗ್ತು" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು, ಎತ್ತಿದ ತುತ್ತೂ ತಟ್ಟೆಗೆ ವಾಪಸ್ಸು. ಮೋಡ ಕವಿದ ದಿನ ಹೇಗೆ ಗೊತ್ತಾಗುತ್ತದೆ ಅಂತ ಅಪ್ಪ ಒಮ್ಮೆ ಕೇಳಿದ್ದರು. ತನಗೆ ಗೊತ್ತಾಗುತ್ತದೆ ಅಂತಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು.

ನಮ್ಮ ಅತ್ತೆಯ ಗಂಡ, ಅಂದರೆ ಈ ಅಜ್ಜಿಯ ಅಳಿಯ, ಮದುವೆಯಾದ ಹೊಸದರಲ್ಲಿ ಬಂದಿದ್ದರಂತೆ. ಅವರ ಎರಡನೇ ಹೋಳಿಗೆ ತುಪ್ಪದಲ್ಲಿ ಮಿಂದು ಬಾಯಿಯ ಹತ್ತಿರ ಬಂದಿತ್ತು. ಜಗಲಿಯಿಂದ "ಮುಳುಗ್ತು" ಕೇಳಿಸಿತು. ಅಳಿಯ ಅಂದರೆ ದೇವರ ಸಮಾನ ಅನ್ನುವ ಮನೆ ನಮ್ಮದು, ಆದರೆ ಸೂರ್ಯ ಯಾರ ಅಳಿಯನೂ ಅಲ್ಲವಲ್ಲ. ಹೋಳಿಗೆ ತಟ್ಟೆಗಿಳಿಯಿತು. ಅಂದಿನಿಂದ ಮಾವ ನಮ್ಮ ಮನೆಗೆ ಬೆಳಗಿನ ಹೊತ್ತು ಮಾತ್ರ ಬರುತ್ತಾರೆ.

ಇಂಥ ಮನೆಯಲ್ಲಿ ಅಕ್ಕ ಬೆಳೆದಳು. ಬೆಳೆದಳು ಅಂದರೆ, ನಿಲ್ಲಿಸಲೇ ಇಲ್ಲ. ದೊಡ್ಡವಳ ಬಟ್ಟೆ ಚಿಕ್ಕವಳಿಗೆ ಅನ್ನುವುದು ಎಲ್ಲ ಮನೆಯ ರೂಢಿ. ಅವಳ ಲಂಗ ನನಗೆ ಬಂದಾಗ ಅದನ್ನು ಕಂಕುಳಿಗೆ ಕಟ್ಟಿಕೊಳ್ಳಬೇಕಾಗುತ್ತಿತ್ತು. ಈ ಹುಡುಗಿ ಯಾಕೆ ಹೀಗೆ ಬೆಳೀತಿದ್ದಾಳೆ ಅಂತ ಬೀದಿಯವರು ಕೇಳಿದರೆ ಅಜ್ಜಿಯ ಬಳಿ ಉತ್ತರ ಸಿದ್ಧವಿತ್ತು. ಬಸದಿಯ ಪಾರ್ಶ್ವನಾಥ ಸ್ವಾಮಿ ನಿಂತಿರುವುದು ಎಷ್ಟೋ ಆಳೆತ್ತರ. ದಿನಾ ಸ್ವಾಮಿಯ ಮುಖ ನೋಡಿ ನೋಡಿ ಮೊದಲು ಇವಳ ಕತ್ತು ಮೇಲಕ್ಕೆ ಹೋಯಿತು, ಅದರ ಹಿಂದೆಯೇ ಮೈಯೂ ಹೋಯಿತು.

ಒಂದು ದಿನ ಶಾಲೆಯ ಪಿ.ಟಿ. ಮೇಷ್ಟ್ರು ಮನೆಗೆ ಬಂದರು. ಇವಳನ್ನು ಕ್ರೀಡಾ ಹಾಸ್ಟೆಲಿಗೆ ಕಳಿಸಿ, ದೊಡ್ಡ ಆಟಗಾರ್ತಿ ಆಗ್ತಾಳೆ ಅಂದರು. ಅಜ್ಜಿ ಆಟ ಏನೆಂದು ಕೇಳಿದಳು. ಮೇಷ್ಟ್ರು ಬುಟ್ಟಿಯ ವಿಷಯ ವಿವರಿಸಿದರು. ಆ ಬುಟ್ಟಿಗೆ ತಳವಿಲ್ಲ ಅಂತ ತಿಳಿದಾಗ ಅಜ್ಜಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ತುಂಬಿದ್ದೆಲ್ಲ ಕೆಳಗೆ ಬೀಳುವ ಬುಟ್ಟಿಗೆ ಜೀವಮಾನವೆಲ್ಲ ತುಂಬುವುದು ವ್ಯಾಪಾರಸ್ಥರ ಮನೆಯವರಿಗೆ ಅರ್ಥವಾಗುವ ಕಸುಬಲ್ಲ.

ಅಪ್ಪನ ತಕರಾರು ಚಡ್ಡಿಯದು. ಮೊಣಕಾಲು ಕಾಣುವ ಚಡ್ಡಿ ಹಾಕಿ ಹೆಣ್ಣುಮಗಳು ನಾಲ್ಕು ಜನರ ಎದುರು ಓಡುವುದೇ? ಅಜ್ಜಿ ಮಗನನ್ನು ಒಂದು ಸಲ ನೋಡಿದಳು. "ನಮ್ಮ ಮುನಿಗಳು ಬಟ್ಟೇನೇ ಬಿಟ್ಟು ಊರೂರು ತಿರುಗ್ತಾರೆ, ಅವರ ಕಾಲಿಗೆ ಬಿದ್ದು ಬತ್ತೀಯ. ಮಗಳ ಚಡ್ಡಿ ಗಿಡ್ಡ ಅಂತ ಅಳ್ತೀಯಲ್ಲೋ." ಆಮೇಲೆ ಅಜ್ಜಿ ಅಕ್ಕನ ಕಡೆ ತಿರುಗಿದಳು. ಹೋಗು, ಏನು ಬೇಕಾದರೂ ಆಡು, ಆದರೆ ಹೊತ್ತು ಮುಳುಗಿದ ಮೇಲೆ ಉಣ್ಣಕೂಡದು, ಉಂಡ ದಿನ ಆಟ ಬಿಟ್ಟುಬಿಡಬೇಕು. ಅಕ್ಕ ಹೂಂ ಅಂದಳು. ಬ್ಯಾಸ್ಕೆಟ್‌ಬಾಲ್ ಪಂದ್ಯಗಳೆಲ್ಲ ಸಂಜೆಯ ಮೇಲೆಯೇ ನಡೆಯುತ್ತವೆ ಅನ್ನುವುದನ್ನು ಮೇಷ್ಟ್ರು ಆ ಹೊತ್ತಿನಲ್ಲಿ ಹೇಳಲಿಲ್ಲ. ಒಳ್ಳೆಯ ಮನುಷ್ಯ.

ಹಾಗೆ ಶುರುವಾಯಿತು ಅಕ್ಕನಿಗೂ ಸೂರ್ಯನಿಗೂ ಜಿದ್ದು. ಹಾಸ್ಟೆಲಿನಲ್ಲಿ ಎಲ್ಲರೂ ರಾತ್ರಿ ಎಂಟಕ್ಕೆ ಊಟಕ್ಕೆ ಹೋದರೆ ಇವಳು ನೀರು ಕುಡಿದು ಮಲಗುತ್ತಿದ್ದಳು. ಒಮ್ಮೆ ಪಂದ್ಯದ ವಿರಾಮದ ಹೊತ್ತಿಗೆ ಸರಿಯಾಗಿ ಸೂರ್ಯ ಇಳಿಯುತ್ತಿದ್ದನಂತೆ. ಕೋಚ್ ಹಲಗೆಯ ಮೇಲೆ ಗೆರೆ ಎಳೆದು ತಂತ್ರ ಹೇಳುತ್ತಿದ್ದರೆ ಇವಳು ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಚಪಾತಿ, ಹೆಸರುಕಾಳಿನ ಪಲ್ಯ ತಿನ್ನುತ್ತಿದ್ದಳು. ಕೋಚ್ ಕೋಪದಿಂದ, ನಾನು ಹೇಳಿದ್ದು ಏನು ಅಂತ ಕೇಳಿದರು. ಅಕ್ಕ ಬಾಯಿ ತುಂಬ ಹೆಸರುಕಾಳು ಇಟ್ಟುಕೊಂಡೇ ಪೂರ್ತಿ ಒಪ್ಪಿಸಿದಳು. ಅಂದಿನಿಂದ ಕಿಟಕಿಯ ಹತ್ತಿರ ನಿಂತು ಸೂರ್ಯನನ್ನು ಕಾಯಲು ತಂಡದ ಒಬ್ಬ ಹುಡುಗಿಯನ್ನು ಕೋಚ್ ತಾವೇ ನೇಮಿಸಿದರು.

ಪೂರ್ವದ ಕಡೆಯ ಊರುಗಳಲ್ಲಿ ಸಂಜೆ ಐದಕ್ಕೇ ಕತ್ತಲಾಗುವುದು ಅಕ್ಕನಿಗೆ ಅನ್ಯಾಯ ಅನ್ನಿಸಿತು. ನಮ್ಮೂರಿನ ಸೂರ್ಯನ ಲೆಕ್ಕ ಹಿಡಿಯಬಹುದೇ ಅಂತ ಅಜ್ಜಿಗೆ ಫೋನ್ ಮಾಡಿದಳು. "ಎಲ್ಲಿದ್ದೀಯೋ ಅಲ್ಲಿ ಮುಳುಗಿದ್ದೇ ಮುಳುಗಿದ್ದು. ಸೂರ್ಯಂಗೆ ಬ್ರಾಂಚ್ ಆಫೀಸು ಇಲ್ಲ ಕಣೇ," ಅಂದು ಅಜ್ಜಿ ಫೋನ್ ಇಟ್ಟಳು. ಇಂದಿಗೂ ಅಕ್ಕನನ್ನು ಯಾವ ಊರು ಚೆನ್ನಾಗಿದೆ ಅಂತ ಕೇಳಿ. ಅಲ್ಲಿನ ಕೋಟೆ, ಸಮುದ್ರ, ಜನ ಯಾವುದನ್ನೂ ಹೇಳುವುದಿಲ್ಲ. ಗುಜರಾತಿನಲ್ಲಿ ಬೇಸಿಗೆಯಲ್ಲಿ ಏಳು ಗಂಟೆಯ ಮೇಲೂ ಬೆಳಕಿರುತ್ತದೆ, ಎಂಥ ಒಳ್ಳೆಯ ರಾಜ್ಯ ಅನ್ನುತ್ತಾಳೆ.

ಆಟದ ಕೋಟಾದಲ್ಲಿ ಅವಳಿಗೆ ಸರ್ಕಾರಿ ನೌಕರಿ ಸಿಕ್ಕಿತು. ಆಫೀಸಿನಲ್ಲಿ ಅವಳ ಹೆಸರಿನ ಕುರ್ಚಿ ಇದೆ, ಅವಳು ಅದರಲ್ಲಿ ಕುಳಿತಿದ್ದನ್ನು ಕಂಡವರು ಕಡಿಮೆ. ವರ್ಷವೆಲ್ಲ ಅಭ್ಯಾಸ, ಶಿಬಿರ, ಟೂರ್ನಿ. ಮಾದಿಹಳ್ಳಿಯ ನಮ್ಮ ನೆಂಟರೊಬ್ಬರು ಅವಳ ಕೆಲಸ ಏನೆಂದು ಕೇಳಿದರು. ಚೆಂಡು ಆಡುವುದು ಅಂದೆ. ಅದು ಸರಿ, ಕೆಲಸ ಏನು ಅಂತ ಮತ್ತೆ ಕೇಳಿದರು. ಪ್ರತಿ ಮದುವೆಯಲ್ಲೂ ಸಿಕ್ಕಿದಾಗ ಇನ್ನೂ ಕೇಳುತ್ತಿದ್ದಾರೆ.

ಊರಿಗೆ ಬಂದರೂ ಆಟ ಅವಳನ್ನು ಬಿಡುವುದಿಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ ಬಂದರೆ ಮೊಣಕೈ ಅಗಲಿಸಿ, ಬೆನ್ನು ಕೊಟ್ಟು ನಿಂತು, ಇಡೀ ಗುಂಪನ್ನು ತಡೆಯುತ್ತಾಳೆ. ಅವಳ ಕಂಕುಳಡಿಯಿಂದ ಮುದುಕಿಯರು, ಬಸುರಿಯರು, ಕೊನೆಗೆ ನಾನು ನುಸುಳಿ ಹತ್ತುತ್ತೇವೆ. ಇಷ್ಟೆಲ್ಲ ಮಾಡಿ ಕಿಟಕಿ ಸೀಟು ಹಿಡಿದರೆ ಅವಳ ಕಾಲು ಅಲ್ಲಿ ಹಿಡಿಸುವುದಿಲ್ಲ. ಸೀಟನ್ನು ಇನ್ನೊಬ್ಬರಿಗೆ ಕೊಟ್ಟು ಊರಿನ ತನಕ ಕತ್ತು ಬಗ್ಗಿಸಿ ನಿಂತೇ ಬರುತ್ತಾಳೆ.

ಬೇಲೂರಿಗೆ ಕರೆದುಕೊಂಡು ಹೋದಾಗಲೂ ಅಷ್ಟೇ. ಜನ ಶಿಲಾಬಾಲಿಕೆಯರ ಸೊಂಟ, ಆಭರಣ, ಕೈಯ ಕನ್ನಡಿ ನೋಡುತ್ತಾರೆ. ಇವಳು ಮೊಣಕಾಲು ನೋಡುತ್ತಾಳೆ. ಭಾರವೆಲ್ಲ ಒಂದೇ ಕಾಲಿಗೆ ಹಾಕಿ ಹೀಗೆ ತಿರುಚಿ ನಿಂತರೆ ಒಳಗಿನ ಲಿಗಮೆಂಟ್ ಹರಿದುಹೋಗುತ್ತದೆ, ಇವರಿಗೆ ಯಾರೂ ಹೇಳಲಿಲ್ಲವೇ ಅಂತ ಗೈಡನ್ನು ಕೇಳಿದಳು. ಪಾಪ, ಗೈಡು ಮುಂದಿನ ಕಂಬಕ್ಕೆ ಹೋದ.

ಹೋದ ವರ್ಷ ಹರಿದದ್ದು ಅವಳದೇ. ಹಾರಿ ಇಳಿಯುವಾಗ ಕಾಲು ತಿರುಚಿತು. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಊರಿನಲ್ಲೇ ಇದ್ದಳು. ಗೋಡೆ ಹಿಡಿದು ನಡೆದಳು, ಆಮೇಲೆ ಕೆರೆ ಏರಿಯ ಮೇಲೆ ನಿಧಾನವಾಗಿ ಓಡಿದಳು. ಈ ವಯಸ್ಸಿನಲ್ಲಿ ಮತ್ತೆ ತಂಡಕ್ಕೆ ಸೇರಿಸಿಕೊಳ್ಳುತ್ತಾರೆಯೇ ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿತ್ತು, ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಈ ಸಲದ ಆಯ್ಕೆ ಶಿಬಿರಕ್ಕೆ ಅವಳು ಹೊರಟ ದಿನ ಅಜ್ಜಿ ಬಸದಿಯಿಂದ ಬರಲು ಎಂದಿಗಿಂತ ತಡವಾಯಿತು.

ಶಿಬಿರ ಮುಗಿದ ದಿನ ಅಕ್ಕ ಫೋನ್ ಮಾಡಲಿಲ್ಲ. ಬರುತ್ತಿದ್ದೇನೆ, ಸಂಜೆ ಐದಕ್ಕೆ ಅರಸೀಕೆರೆಗೆ ರೈಲು ಅಂತ ಒಂದು ಮೆಸೇಜು ಬಂತು, ಅಷ್ಟೇ. ಅದರಲ್ಲಿ ಇಲ್ಲದ ಮಾತು ನಮಗೆ ಅರ್ಥವಾಯಿತು. ನಾನು ಕಾರು ತೆಗೆದರೆ ಅಜ್ಜಿ ಊಟದ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಿದ್ದಳು. ಹುಡುಗಿ ಬೆಳಗಿನಿಂದ ಏನೂ ತಿಂದಿರುವುದಿಲ್ಲ, ಹೊತ್ತಿರುವಾಗಲೇ ಸ್ಟೇಷನ್ನಿನಲ್ಲಿ ಉಣ್ಣಿಸಬೇಕು ಅಂದಳು.

ರೈಲು ಐದಕ್ಕೆ ಬರಲಿಲ್ಲ, ಆರಕ್ಕೂ ಬರಲಿಲ್ಲ. ಅಜ್ಜಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಪಡುವಣ ನೋಡುತ್ತ ಕುಳಿತಿದ್ದಳು. ಗೂಡ್ಸ್ ಡಬ್ಬಿಗಳ ಹಿಂದೆ ಸೂರ್ಯ ಇಳಿದ. ನಾನು ಕಣ್ಣಾರೆ ಕಂಡೆ. "ಮುಳುಗ್ತು" ಅನ್ನುತ್ತಾಳೆ ಅಂತ ಕಾದೆ, ಅನ್ನಲಿಲ್ಲ. ವಯಸ್ಸಾಯಿತು, ಕಣ್ಣು ಮಂಜಾಗಿದೆ ಅಂದುಕೊಂಡೆ.

ರೈಲು ಬಂದಾಗ ಪೂರ್ತಿ ಕತ್ತಲಾಗಿತ್ತು. ಅಕ್ಕ ಸ್ವಲ್ಪ ಕುಂಟುತ್ತ ಇಳಿದು ಬಂದು ಅಜ್ಜಿಯ ಪಕ್ಕ ಕುಳಿತಳು. ಲಿಸ್ಟಿನಲ್ಲಿ ತನ್ನ ಹೆಸರಿಲ್ಲ ಅಂದಳು. ಆಮೇಲೆ ಕ್ಯಾರಿಯರಿಗೆ ಕೈ ಚಾಚಿದಳು.

ಹೊತ್ತು ಮುಳುಗಿದೆ ಅಂತ ನಾನು ನೆನಪಿಸಿದೆ.

"ಗೊತ್ತು," ಅಂದಳು. "ಉಂಡ ದಿನ ಆಟ ಬಿಡಬೇಕು ಅಂತ ಅಜ್ಜಿಗೆ ಮಾತು ಕೊಟ್ಟಿದ್ದೆ. ಇವತ್ತು ಉಣ್ತೀನಿ. ನಾಳೆಯಿಂದ ಆಫೀಸಿಗೆ ಹೋಗಿ ಆ ಕುರ್ಚೀಲಿ ಕೂತ್ಕೋತೀನಿ."

ಅಜ್ಜಿ ಕ್ಯಾರಿಯರ್ ಬಿಚ್ಚಿದಳು. ಅಕ್ಕಿ ರೊಟ್ಟಿ, ಹೀರೇಕಾಯಿ ಚಟ್ನಿ.

"ಉಣ್ಣು. ಹೊತ್ತಿನ್ನೂ ಐತೆ."

ಸ್ಟೇಷನ್ನಿನ ದೀಪಗಳೆಲ್ಲ ಉರಿಯುತ್ತಿದ್ದವು. ಒಂದೊಂದಕ್ಕೂ ಹುಳುಗಳು ಮುತ್ತಿದ್ದವು.

"ಅಜ್ಜಿ, ಲೈಟು ಹಾಕಿದಾರೆ," ಅಂದಳು ಅಕ್ಕ.

"ಅವರಿಗೆ ಅವಸರ."

"ಚುಕ್ಕಿ ಕಾಣ್ತಿದೆ ಅಜ್ಜಿ."

"ನಮ್ಮನೇಲಿ ಮುಳುಗ್ತು ಅನ್ನೋರು ಯಾರೇ?"

ಅಕ್ಕ ಅಜ್ಜಿಯ ಕಡೆ ತಿರುಗಿದಳು. "ನೀನು."

"ನಾನಿನ್ನೂ ಅಂದಿಲ್ಲ. ಉಣ್ಣು."

ಹೊಸ ಅಳಿಯನ ಹೋಳಿಗೆಗೂ ಸೂರ್ಯನನ್ನು ನಿಲ್ಲಿಸದ ಮುದುಕಿ ಅರಸೀಕೆರೆ ಸ್ಟೇಷನ್ನಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದಳು. ಅಷ್ಟು ಉದ್ದದ ನಮ್ಮ ಅಕ್ಕ ಬೆನ್ನು ಬಾಗಿಸಿ, ಅಳುತ್ತ, ರೊಟ್ಟಿ ಮುರಿದು ತಿಂದಳು. ನನಗೂ ಅಳು ತಡೆಯಲಾಗಲಿಲ್ಲ. ಅಜ್ಜಿ ಒಬ್ಬಳೇ ಅಳದೆ, ಅವಸರ ಮಾಡದೆ, ಚಟ್ನಿ ಬಡಿಸುತ್ತ ಕುಳಿತಳು.

ಕೊನೆಯ ತುತ್ತು ಮುಗಿಯಿತು. ಅಜ್ಜಿ ಕ್ಯಾರಿಯರಿನ ಮುಚ್ಚಳ ಹಾಕಿ, ಕತ್ತಲಲ್ಲಿ ಪಡುವಣದ ಕಡೆ ಒಮ್ಮೆ ನೋಡಿದಳು.

"ಈಗ ಮುಳುಗ್ತು," ಅಂದಳು. "ಏಳು. ಮೆಟ್ಲು ಹತ್ತುವಾಗ ಮೊಣಕಾಲು ನೋಡ್ಕೋ. ಮುಂದಿನ ವರ್ಷಕ್ಕೆ ಬೇಕು ಅದು."