ಯಾರೂ ಕದಿಯದ ಚಕ್ರಮುನಿ

ಕಳ್ಳತನದ ಬಗ್ಗೆ ನನ್ನ ಅಭಿಪ್ರಾಯ ದಿನಕ್ಕೆ ಎರಡು ಸಲ ಬದಲಾಗುತ್ತದೆ. ಹಗಲೆಲ್ಲ ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಒಂದು ನಟ್ಟು ಕಾಣೆಯಾದರೂ ನನಗೆ ಊಟ ಸೇರುವುದಿಲ್ಲ. ಹೊಸ ಕೈಗವಸು ಬೇಕೆಂದು ಬಂದವನಿಂದ ಹಳೆಯದನ್ನು ಹಿಂದಕ್ಕೆ ಪಡೆದು, ಅದರಲ್ಲಿ ಬೆರಳುಗಳೆಲ್ಲ ಇವೆಯೇ ಎಂದು ನೋಡಿದ ಮೇಲೆಯೇ ಬೀರುವಿಗೆ ಕೈ ಹಾಕುವ ಜಾತಿ ನನ್ನದು. ಆದರೆ ಸಂಜೆ ಬಸ್ಸಿಳಿದು ಮದ್ದೂರಿನ ಮನೆಯ ಗೇಟು ತೆಗೆದು, ಮುಂದಿನ ಸಿಮೆಂಟಿನ ಅಂಗಳದಲ್ಲಿ ಸಾಲಾಗಿ ಕುಳಿತ ನನ್ನ ಕುಂಡಗಳನ್ನು ಕಂಡ ಕೂಡಲೇ ಬೇರೆ ಮನುಷ್ಯನಾಗುತ್ತೇನೆ. ಇವತ್ತಾದರೂ ಯಾರಾದರೂ ಏನಾದರೂ ಕದ್ದಿರಬಹುದೇ ಎಂಬ ಆಸೆಯಿಂದ ಒಂದೊಂದು ಗಿಡವನ್ನೂ ಬಗ್ಗಿ ನೋಡುತ್ತೇನೆ. ಯಾರೂ ಏನೂ ಕದ್ದಿರುವುದಿಲ್ಲ. ಚೀಲ ಒಳಗಿಟ್ಟು, ಮುಖ ಸಣ್ಣಗೆ ಮಾಡಿಕೊಂಡು ಕಾಫಿ ಕುಡಿಯುತ್ತೇನೆ.

ಇದೆಂಥ ದುಃಖವಯ್ಯಾ ಎಂದು ನಿಮಗನ್ನಿಸಬಹುದು. ನಮ್ಮ ಬೀದಿಯ ಪದ್ಧತಿ ಗೊತ್ತಿದ್ದರೆ ಹಾಗನ್ನುತ್ತಿರಲಿಲ್ಲ. ಗಿಡದ ವಿಷಯದಲ್ಲಿ ನಮ್ಮಲ್ಲೊಂದು ನಂಬಿಕೆ ಇದೆ. ಕೇಳಿ ಪಡೆದ ಕಡ್ಡಿ ಬೇರು ಬಿಡುವುದಿಲ್ಲ. ನರ್ಸರಿಯಿಂದ ಕೊಂಡು ತಂದದ್ದು ಹೇಗೋ ಏನೋ ಬದುಕುತ್ತದೆ. ಕದ್ದು ತಂದು ನೆಟ್ಟದ್ದು ಮಾತ್ರ ಹುಲುಸಾಗಿ ಬರುತ್ತದೆ. ಹಾಗಾಗಿ ಒಂದು ಲೋಟ ಸಕ್ಕರೆ ಸಾಲ ಪಡೆದರೆ ಲೋಟದ ತುಂಬ ಕುಕ್ಕಿ ಹಿಂದಿರುಗಿಸುವ ಮರ್ಯಾದಸ್ಥ ಹೆಂಗಸರು ಕೂಡ ಪಕ್ಕದ ಮನೆಯ ದೊಡ್ಡಪತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಾರೆ. ಕಳೆದುಕೊಂಡವರಿಗೂ ಒಂದು ಕರ್ತವ್ಯವಿದೆ. ಅವರು ಗೇಟಿಗೆ ಬಂದು ಬೈಯಬೇಕು. ಬೈಗುಳ ಬಿದ್ದಷ್ಟೂ ಕಡ್ಡಿ ಬೇಗ ಚಿಗುರುತ್ತದಂತೆ. ಬೈಯದೆ ಸುಮ್ಮನಿದ್ದವರನ್ನು ಹೊಟ್ಟೆಕಿಚ್ಚಿನವರು ಎನ್ನುತ್ತಾರೆ.

ಎದುರು ಮನೆಯ ಚಿಕ್ಕತಾಯಮ್ಮನವರು ಈ ಕರ್ತವ್ಯದಲ್ಲಿ ಯಾವತ್ತೂ ಹಿಂದೆ ಬಿದ್ದವರಲ್ಲ. ಅವರ ಕರಿಬೇವು, ಬಸಳೆ, ವೀಳ್ಯದೆಲೆ ಬಳ್ಳಿ, ಯಾವುದಕ್ಕಾದರೂ ಕತ್ತರಿ ಬೀಳುತ್ತಲೇ ಇರುತ್ತದೆ. ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಶುರು. “ಯಾವಳೇ ಅವ್ಳು ನನ್ ಬಸಳೆ ಕುಯ್ಕೊಂಡೋಗಿರೋಳು? ನಿನ್ ಮನೆ ಎಕ್ಕುಟ್ಟೋಗಾ! ನಿನ್ ಗಂಡನ್ ಸೊಂಟ ಮುರಿಯಾ!” ಮಾತು ಹೀಗಿದ್ದರೂ ದನಿ ಮಾತ್ರ ಮಗನಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳುವ ತಾಯಿಯದು. ಬೈದು ಮುಗಿಸಿ ಸೆರಗಿನಿಂದ ಬಾಯೊರೆಸಿಕೊಂಡು, ನಮ್ಮ ಅಂಗಳದ ಕಡೆ ಒಮ್ಮೆ ನೋಡಿ, “ನಿಂದೇನಾರ ಓಯ್ತೇನಪ್ಪ?” ಎಂದು ಕೇಳುತ್ತಾರೆ. ಬಾಯಲ್ಲಿ ಬ್ರಷ್ಷು ಇರುವುದರಿಂದ ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. “ಬುಡು, ಇವತ್ತಲ್ದಿದ್ರೆ ನಾಳೆ ಓಯ್ತದೆ” ಎಂದು ಸಮಾಧಾನ ಹೇಳಿ ಒಳಗೆ ಹೋಗುತ್ತಾರೆ. ಆ ಸಮಾಧಾನವೇ ನನಗೆ ಹೆಚ್ಚು ಚುಚ್ಚುವುದು.

ಹಾಗೆಂದು ನನ್ನ ಕುಂಡಗಳಲ್ಲಿ ಇರುವುದು ಕಸವಲ್ಲ. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ, ಆದರೆ ತಿನ್ನಲು ಬರುವ ಗಿಡಗಳನ್ನೇ ಬೆಳೆಯಬೇಕು ಎಂಬುದು ನನ್ನ ಹಟ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಹತ್ತಿದ ಹುಚ್ಚು. ಮಣ್ಣನ್ನು ನಮ್ಮೂರು ಕೊತ್ತತ್ತಿಯಿಂದ ಚೀಲದಲ್ಲಿ ತುಂಬಿಸಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದೆ. ಅಲ್ಲಿ ಜಮೀನು ನೋಡಿಕೊಳ್ಳುವ ನಮ್ಮಣ್ಣ ಗುದ್ದಲಿ ಹಿಡಿದು ನಿಂತವನು, “ಅಲ್ಲ ಕಣ್ಲಾ, ನಾಲೆ ನೀರು ಅರಿಯೋ ಗದ್ದೆ ಬುಟ್ಟು ಪಾಟ್‌ನಾಗೆ ಬೆಳೀತೀನಿ ಅಂತೀಯಲ್ಲ, ನಿಂಗೇನ್ ಬಂದದ್ಲಾ?” ಎಂದ. ಮಣ್ಣು ಮಾತ್ರ ಚೆನ್ನಾಗಿರುವ ಕಡೆಯಿಂದಲೇ ಅಗೆದು ಕೊಟ್ಟ.

ಮೊದಲು ರೋಸ್‌ಮೇರಿ ಬೆಳೆದೆ. ನನ್ನ ಹೆಂಡತಿ ಸುನಂದ ಅದನ್ನು ನಾಲ್ಕು ದಿನ ದೂರದಿಂದಲೇ ನೋಡಿ, ಕೊನೆಗೆ ಧೈರ್ಯ ಮಾಡಿ ಬಸ್ಸಾರಿಗೆ ಹಾಕಿದಳು. ಅವತ್ತು ಸಾರಿಗೆ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಬಂತು. ಮುದ್ದೆಯನ್ನು ಮಜ್ಜಿಗೆಯಲ್ಲಿ ಮುಗಿಸಿದೆವು. ಸ್ಟ್ರಾಬೆರಿ ಗಿಡ ಒಂದೇ ಒಂದು ಹಣ್ಣು ಬಿಟ್ಟಿತು. ಅದನ್ನು ತಟ್ಟೆಯಲ್ಲಿಟ್ಟು ಹೆಚ್ಚಿ ಹಂಚಿಕೊಂಡು ತಿಂದಾಗ ಇಬ್ಬರಿಗೂ ಹುಣಸೆಹಣ್ಣು ನೆನಪಾಯಿತು. ಗೆದ್ದದ್ದು ಮಂಡ್ಯದ ನರ್ಸರಿಯೊಂದರಿಂದ ತಂದ ಚಕ್ರಮುನಿ. ಸಣ್ಣ ಎಲೆಗಳ, ಎದೆಯೆತ್ತರ ಬರುವ ಸೊಪ್ಪಿನ ಗಿಡ. ಎಲೆಯನ್ನು ಹಸಿಯಾಗಿ ಅಗಿದರೆ ಎಳೆ ಬಟಾಣಿಯ ರುಚಿ. ಮಸ್ಸೊಪ್ಪು ಮಾಡಿದರೆ ಸುನಂದ ಕೂಡ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ಇಂಥ ಗಿಡವನ್ನು ಬೀದಿಯಲ್ಲಿ ಒಬ್ಬರೂ ಮುಟ್ಟಲಿಲ್ಲ.

“ಅದೇನು ಅಂತಾನೇ ಅವರಿಗೆ ಗೊತ್ತಿಲ್ಲವಲ್ರೀ, ಹೇಗೆ ಕದೀತಾರೆ?” ಎಂದಳು ಸುನಂದ. ನ್ಯಾಯವಾದ ಮಾತು. ಬಂದು ಹೋಗುವವರಿಗೆಲ್ಲ ಕಾಣಲೆಂದು ಕುಂಡವನ್ನು ಗೇಟಿನ ಆಚೆ, ಚರಂಡಿ ಕಲ್ಲಿನ ಮೇಲೆ ಇಟ್ಟು ಕೆಲಸಕ್ಕೆ ಹೋದೆ. ಆ ದಿನವೆಲ್ಲ ಸ್ಟೋರಿನಲ್ಲಿ ಕುಳಿತು, ಈಗ ಯಾರೋ ಬಗ್ಗಿದರು, ಈಗ ಚಿವುಟಿದರು ಎಂದು ಊಹಿಸಿಕೊಂಡು ಖುಷಿಪಟ್ಟೆ. ಸಂಜೆ ಬಂದು ನೋಡಿದರೆ ಕುಂಡ ಗೇಟಿನ ಒಳಗಿತ್ತು. ಚಿಕ್ಕತಾಯಮ್ಮ ಎದುರಿನಿಂದಲೇ ಕೂಗಿದರು: “ಪಾಟು ಈಚೆ ಮರ್ತೋಗಿದ್ದೀಯ ಕಣಪ್ಪ, ನಾನೇ ಎತ್ತಿ ಒಳೀಕ್ ಮಡ್ಗಿವ್ನಿ. ಉಸಾರಾಗಿರು, ಈ ಬೀದೀಲಿ ಬರೀ ಕಳ್ರು!” ಉಪಕಾರವಾಯಿತು ಎಂದೆ.

ಈ ನಡುವೆ ಮಳವಳ್ಳಿಯಿಂದ ನನ್ನ ನಾದಿನಿ ಭಾಗ್ಯ ಬಂದಳು. ಇಲ್ಲೇ ಯಾವುದೋ ಮದುವೆಗೆಂದು ಬಂದವಳು ಒಂದು ದಿನ ನಮ್ಮಲ್ಲಿ ಉಳಿದಳು. ಚಕ್ರಮುನಿ ಮಸ್ಸೊಪ್ಪಿನಲ್ಲಿ ಮುದ್ದೆ ಉಂಡು, ತಟ್ಟೆ ತೊಳೆಯುವ ಕೆಲಸವೇ ಇಲ್ಲದಂತೆ ಬಳಿದು, “ಯಾವ್ ಸೊಪ್ಪು ಭಾವ ಇದು?” ಎಂದು ಕೇಳಿದಳು. ನನ್ನ ಗಿಡದ ಬಗ್ಗೆ ಒಬ್ಬರು ಮನಸಾರೆ ಕೇಳಿದ್ದು ಅದೇ ಮೊದಲು. ಅರ್ಧಕ್ಕೇ ಕೈತೊಳೆದು ಅಂಗಳಕ್ಕೆ ಓಡಿ, ದಪ್ಪನೆಯ ಒಂದು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ ತಂದು ಚಾಚಿದೆ. ಭಾಗ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಅಯ್ಯೋ ಬ್ಯಾಡಿ ಭಾವ, ನಮ್ಮನೇಲಿ ಜಾಗ ಎಲ್ಲೈತೆ?” ಎಂದಳು. ಮಳವಳ್ಳಿಯ ಅವರ ಹಿತ್ತಲಿನಲ್ಲಿ ಲಾರಿ ತಿರುಗಿಸಬಹುದು. ನನಗೆ ನಿಜವಾಗಿ ಬೇಜಾರಾಯಿತು. ಕದಿಯುವುದಿರಲಿ, ಕೈಗೆ ಕೊಟ್ಟರೂ ಬೇಡವೆಂದರೆ ಇನ್ನೇನು ಉಳಿಯಿತು? ಕಡ್ಡಿಯನ್ನು ಕಾಂಪೌಂಡಿನ ಆಚೆ ಎಸೆದು ಬಂದು ಪೇಪರು ಓದುವವನಂತೆ ಕುಳಿತೆ.

ಅದಾದ ಕೆಲವು ದಿನಗಳ ಮೇಲೆ ಒಂದು ಶನಿವಾರ ಸಂಜೆ ಗೇಟು ತೆಗೆದವನು ಅಲ್ಲೇ ನಿಂತುಬಿಟ್ಟೆ. ಚಕ್ರಮುನಿಯ ನಡುವಿನ ರೆಂಬೆ ಇರಲಿಲ್ಲ! ಹತ್ತಿರ ಹೋಗಿ ಮುಟ್ಟಿ ನೋಡಿದೆ. ಮೇಕೆ ತಿಂದದ್ದಲ್ಲ, ಗಾಳಿಗೆ ಮುರಿದದ್ದಲ್ಲ, ಗೆಣ್ಣಿನ ಕೆಳಗೆ ಓರೆಯಾಗಿ ಚಾಕು ಆಡಿಸಿದ ಗುರುತು. ಚೀಲವನ್ನು ಅಲ್ಲೇ ನೆಲದ ಮೇಲೆ ಹಾಕಿ ಎದುರು ಮನೆಗೆ ಓಡಿದೆ. ಚಿಕ್ಕತಾಯಮ್ಮನವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಂದು ನೋಡಿ, “ಗೊತ್ತಿರೋಳೇ ಕುಯ್ದವಳೆ ಕಣಪ್ಪ. ಇನ್ಯಾಕ್ ತಡ, ಬೈಯಿ” ಎಂದರು. ನನಗೆ ನಾಚಿಕೆಯಾಯಿತು. ಅಭ್ಯಾಸವಿಲ್ಲ. “ಅವಳ ಕೈ ಸೇದೋಗ ಅನ್ನಲಾ?” ಎಂದು ಮೆಲ್ಲಗೆ ಕೇಳಿದೆ. “ಚೆ, ಚೆ! ಎಂಗಸ್ರ ಕೈಗ್ ಬೈಬಾರ್ದು, ಮನೆ ಕೆಲ್ಸ ನಿಂತೋಯ್ತದೆ. ಗಂಡಂಗೆ ಬೈಯಿ. ಅವನಿದ್ದೇನು, ಬಿದ್ದೇನು?”

ಗೇಟು ಹಿಡಿದು ನಿಂತೆ. ಮೊದಲ ಮಾತು ತೊದಲಿತು. ಆಮೇಲೆ ಕೊತ್ತತ್ತಿಯ ನೀರು ತಾನಾಗಿ ಬಾಯಿಗೆ ಬಂತು. “ಯಾವಳೇ ಅವ್ಳು ನನ್ ಚಕ್ರಮುನಿ ಕುಯ್ಕೊಂಡೋಗಿರೋಳು? ನಿನ್ ಗಂಡನ್ ಮಂಡಿ ಇಡ್ಕಳಾ! ಕುಂತೋನು ಮ್ಯಾಕ್ ಏಳ್ದಂಗಾಗಾ!” ಬೀದಿಯ ಎರಡು ಕಿಟಕಿ ತೆರೆದುಕೊಂಡವು. ನನ್ನ ಬಾಳಿನಲ್ಲಿ ನಾನು ಅಷ್ಟು ಜೋರಾಗಿ, ಅಷ್ಟು ನೆಮ್ಮದಿಯಾಗಿ ಯಾವತ್ತೂ ಮಾತಾಡಿರಲಿಲ್ಲ. ಸುನಂದ ಬಾಗಿಲಲ್ಲಿ ನಿಂತು ಮೊದಲಿನಿಂದಲೂ ಎಲ್ಲ ಕೇಳಿಸಿಕೊಂಡಿದ್ದಳು. “ಸಾಕು ಒಳಗೆ ಬನ್ರೀ, ಪಾಪ ಅವಳ ಗಂಡ ಏನು ಮಾಡಿದ?” ಎಂದಳು. “ಹೆಂಡತೀನ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕಿತ್ತು!” ಎಂದು ಅಬ್ಬರಿಸಿ ಒಳಗೆ ಬಂದೆ.

ಮಾರನೆಯ ದಿನ ಸುನಂದ ತಂಗಿಯನ್ನು ನೋಡಿ ಬರುತ್ತೇನೆಂದು ಮಳವಳ್ಳಿಗೆ ಹೊರಟಳು. ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಅವಳ ಚೀಲ ನಾನೇ ಹಿಡಿದಿದ್ದೆ. ತಳ ಒದ್ದೆಯಾಗಿತ್ತು. ಕೇಳಿದ್ದಕ್ಕೆ ಮೊಸರಿನ ಡಬ್ಬಿ ಸೋರುತ್ತಿದೆ ಎಂದಳು. ಕಾರ್ಖಾನೆಯ ಗೇಟಿನಲ್ಲಿ ಊಟದ ಡಬ್ಬಿಗಳನ್ನೂ ಬಿಚ್ಚಿಸಿ ನೋಡಿ ಎಂದು ವಾಚ್‌ಮನ್ನಿಗೆ ತಾಕೀತು ಮಾಡುವ ನಾನು, ಆ ಚೀಲವನ್ನು ಜೋಪಾನವಾಗಿ ಕಿಟಕಿಯಿಂದ ಒಳಗೆ ಕೊಟ್ಟು, “ಕಾಲ ಹತ್ತಿರ ಇಟ್ಟುಕೋ, ಯಾರಾದರೂ ಎತ್ತಿಕೊಂಡು ಹೋದಾರು” ಎಂದು ಹೇಳಿ ಬಂದೆ.

ವಿಷಯ ಹೊರಗೆ ಬಂದದ್ದು ಫೋನಿನಿಂದ. ಮಳೆಗಾಲ ಶುರುವಾದ ಮೇಲೊಂದು ಭಾನುವಾರ, ಸುನಂದ ಅಕ್ಕಿ ರುಬ್ಬುತ್ತಿದ್ದವಳು ಕೈ ಒದ್ದೆಯೆಂದು ಮೊಬೈಲನ್ನು ಸ್ಪೀಕರಿಗೆ ಹಾಕಿದಳು. ನಾನು ಹೊರಗೆ ಅಂಗಳದಲ್ಲಿ ಕುಂಡಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುತ್ತಿದ್ದೆ. ಭಾಗ್ಯಳ ದನಿ ಬೀದಿಗೇ ಕೇಳುವಂತಿತ್ತು. “ಅಕ್ಕಾ, ನೀನ್ ಕದ್ಕೊಟ್ಟ ಕಡ್ಡಿ ಎಂಗ್ ಚಿಗುರೈತೆ ಗೊತ್ತಾ? ಸೊಂಟದುದ್ದ ಬಂದದೆ! ಭಾವ ಚೆನ್ನಾಗ್ ಬೈದವ್ರೆ ಕಣಕ್ಕ!”

ರುಬ್ಬುವ ಸದ್ದು ನಿಂತಿತು. ಸುನಂದ ಹೊರಗೆ ಬಂದಳು. ಮುಖದಲ್ಲಿ ತಪ್ಪಿನ ಗುರುತು ಅಷ್ಟಾಗಿ ಇರಲಿಲ್ಲ. “ನೀವು ಕೈಯಾರೆ ಕೊಡೋಕೆ ಹೋದ್ರಲ್ಲ, ಇನ್ನು ಬೇರು ಬಿಡುತ್ತಾ ಅದು? ಅವಳಿಗೆ ಎಷ್ಟು ಆಸೆ ಇತ್ತು ಗೊತ್ತಾ? ಅಕ್ಕ ಭಾವನ ಮನೆಗೆ ಬಂದೋಳು ತಾನೇ ಕದಿಯೋಕಾಗುತ್ತಾ? ನಾನೇ ಕುಯ್ದುಕೊಟ್ಟೆ” ಎಂದಳು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಗಿಡವನ್ನು ಒಬ್ಬಳು ಅಕ್ಕನ ಕೈಲಿ ಕದಿಸಿ ತರಿಸಿಕೊಳ್ಳುವಷ್ಟು ಬಯಸಿದ್ದಳು, ಇನ್ನೊಬ್ಬಳು ನನ್ನ ಕೈಯಲ್ಲೇ ಹೊರಿಸಿ ಸಾಗಿಸುವಷ್ಟು ಮನಸ್ಸಿಟ್ಟು ಕದ್ದಿದ್ದಳು. ಚಿಕ್ಕತಾಯಮ್ಮನವರ ಬಸಳೆಗೂ ಈ ಯೋಗ ಬಂದಿರಲಾರದು. ಈ ಸುದ್ದಿಯನ್ನು ಈಗಲೇ ಎದುರು ಮನೆಗೆ ಹೇಳಬೇಕೆಂದು ಎದ್ದೆ. ಎದ್ದೆ ಎಂದರೆ ಏಳಲು ನೋಡಿದೆ. ಬಲಗಾಲಿನ ಮಂಡಿ ಕಟಕ್ಕೆಂದು ಹಿಡಿದುಕೊಂಡಿತು. ಎಡಗಾಲಿನ ಮೇಲೆ ಭಾರ ಹಾಕಿದೆ, ಅದೂ ಒಪ್ಪಲಿಲ್ಲ. ಆ ಶನಿವಾರ ಗೇಟು ಹಿಡಿದು ನಿಂತು ಕೂಗಿದ್ದು ಒಂದೊಂದು ಅಕ್ಷರವೂ ಆಗ ಕಿವಿಯಲ್ಲಿ ಕೇಳಿಸಿತು.

“ಸುನಂದಾ, ಸ್ವಲ್ಪ ಹಿಡಿದುಕೋ” ಎಂದೆ.

ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ನನ್ನ ರೆಟ್ಟೆ ಹಿಡಿದು, ಒಂದೇ ಎಳೆತಕ್ಕೆ ನಿಲ್ಲಿಸಿದಳು.

“ಸದ್ಯ, ನನ್ನ ಕೈಗೆ ಬೈಲಿಲ್ಲ ನೀವು” ಎಂದಳು. “ಬೈದಿದ್ರೆ ಇವತ್ತು ನಿಮ್ಮನ್ನ ಎತ್ತೋರು ಯಾರಿದ್ರು?”